ದೇವಲಿಯ ಗೇಟಿನ ಮುಂದೆ

ನೌಕರಿಗಾಗಿ ಕೋಟಾಕ್ಕೆ ಬಂದ ಮೇಲೆ ತಿಳಿದ ಸಂಗತಿ: ನಮ್ಮ ವಿಜಯಪುರದ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 52 ಇಲ್ಲಿಯೂ ಹಾಯುತ್ತದೆ. ಅಂದೋಲಾದಿಂದ ಜೇವರ್ಗಿ, ಸಿಂದಗಿ ದಾಟಿ ವಿಜಯಪುರ ಸೇರಿದರೆ ಇದೇ ದಾರಿ. ಊರಿನ ನೆನಪಾದಾಗಲೆಲ್ಲ ಮಕ್ಕಳಿಗೆ ಇದನ್ನು ಹೇಳುತ್ತಿರುತ್ತೇನೆ.

ಹೋದ ಚಳಿಗಾಲದಲ್ಲಿ ಬೀಸಲ್‌ಪುರ ಅಣೆಕಟ್ಟು ನೋಡಲು ಹೊರಟಾಗ ಟೋಂಕ್ ಜಿಲ್ಲೆಯ ದೇವಲಿಯಲ್ಲಿ ಕಾರು ನಿಲ್ಲಿಸಿದೆ. ಬ್ರಿಟಿಷರ ಕಾಲದ ದಂಡಿನ ಊರು. ಹಳೆಯ ಕ್ಯಾಂಪಿನ ಜಾಗದಲ್ಲಿ ಈಗ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ತರಬೇತಿ ಕೇಂದ್ರವಿದೆ. ಒಳಗೆ ಬಿಡುವುದಿಲ್ಲವೆಂದು ಗೊತ್ತಿತ್ತು.

"ಇಲ್ಲಿ ನೋಡೋದೇನದ ಅಪ್ಪಾ?" ಎಂದ ಮಗ.

ಕಾಣುವಂಥದ್ದೇನೂ ಇರಲಿಲ್ಲ. ಹಾಗಾಗಿ ಹೇಳತೊಡಗಿದೆ. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿದ ಕೂಡಲೇ ಬ್ರಿಟಿಷರು ಸಿಂಗಪುರ, ಮಲಯಾಗಳಲ್ಲಿದ್ದ ಜಪಾನಿಯರನ್ನು ಹಿಡಿದರು. ಕ್ಷೌರಿಕರು, ಫೋಟೋ ತೆಗೆಯುವವರು, ಹಲ್ಲಿನ ಡಾಕ್ಟರು, ಮೀನುಗಾರರು, ಅಂಗಡಿಯವರು, ಅವರ ಹೆಂಡಿರು ಮಕ್ಕಳು. ಮೊದಲು ದಿಲ್ಲಿಯ ಪುರಾನಾ ಕಿಲಾದ ಡೇರೆಗಳಲ್ಲಿಟ್ಟು, 1943ರಲ್ಲಿ ಇಲ್ಲಿಗೆ ತಂದರು. 1945ರಲ್ಲಿ ಯುದ್ಧ ಮುಗಿದರೂ ಜಪಾನ್ ಸೋತಿದೆ ಎಂಬುದನ್ನು ಒಳಗಿದ್ದ ಬಹಳ ಜನ ನಂಬಲಿಲ್ಲ. ನಂಬಿದವರಿಗೂ ನಂಬದವರಿಗೂ ಜಗಳ ಹತ್ತಿತು. 1946ರ ಫೆಬ್ರುವರಿಯಲ್ಲಿ ಗೋಲಿಬಾರ್ ಆಗಿ, ಮನೆಗೆ ಮರಳಬೇಕಾಗಿದ್ದ ಕೆಲವರು ಇಲ್ಲೇ ಸತ್ತರು.

"ಆಯಿ ಇದ್ದಂಥ ಕ್ಯಾಂಪೇನು?" ಮಗಳು ಕೇಳಿದಳು.

ರಜಾಕಾರರ ಹಾವಳಿಯಲ್ಲಿ ನಮ್ಮ ಆಯಿ ಅಪ್ಪ-ಅವ್ವನ ಜೊತೆ ನಿಜಾಮನ ಗಡಿ ದಾಟಿ ಮುಂಬೈ ಪ್ರಾಂತ್ಯದ ಶಿಬಿರ ಸೇರಿದ್ದಳು. "ಕ್ಯಾಂಪಿನ್ಯಾಗ ಇದ್ವಿ, ಅದಕ್ಕ ಉಳದ್ವಿ" ಎನ್ನುತ್ತಿದ್ದಳು. ಆ ಮಾತನ್ನು ಮಕ್ಕಳಿಗೆ ನಾನೇ ಹೇಳಿದ್ದೆ.

"ಅಲ್ಲವ್ವ. ಆಯಿ ಜೀವ ಉಳಿಸಿಕೊಳ್ಳಾಕ ತಾನೇ ಹೋಗಿದ್ಲು. ಇವರನ್ನ ಹಿಡದು ತಂದು ಕೀಲಿ ಹಾಕಿದ್ರು."

"ಏನ್ ತಪ್ಪು ಮಾಡಿದ್ರು?"

"ಏನೂ ಇಲ್ಲ. ಜಪಾನಿಯರಿದ್ರು, ಅಷ್ಟ."

"ಬ್ರಿಟಿಷರು ಕೆಟ್ಟವರು" ಎಂದ ಮಗ. ಅಲ್ಲಿಗೇ ಬಿಟ್ಟು ಕಾರು ಹತ್ತಬಹುದಿತ್ತು. ಹತ್ತುವ ಮನಸ್ಸೂ ಆಯಿತು. ಆದರೆ ಅರ್ಧ ಕಥೆ ಹೇಳಿದಂತಾಗುತ್ತಿತ್ತು. 1962ರಲ್ಲಿ ಚೀನಾದೊಂದಿಗೆ ಯುದ್ಧವಾದಾಗ ನಮ್ಮದೇ ಸರಕಾರ ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಸುಮಾರು 3,000 ಚೀನೀ ಮೂಲದವರನ್ನು ಇದೇ ದೇವಲಿಗೆ ರೈಲಿನಲ್ಲಿ ತಂದಿತು. ಎಷ್ಟೋ ಜನ ಇಲ್ಲಿಯೇ ಹುಟ್ಟಿದವರು, ಚೀನಾ ಕಂಡವರೇ ಅಲ್ಲ. ಕೊನೆಯವರು ಹೊರಬಂದದ್ದು 1967ರಲ್ಲಿ. ಇದನ್ನೂ ಹೇಳಿದೆ.

ಮಗ ಸುಮ್ಮನಾದ. ಗೇಟಿನ ಜವಾನ ನಮ್ಮ ಕಡೆ ನೋಡುತ್ತಿದ್ದ. ಹೊರಟೆವು.

ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಸೀಟಿನಿಂದ ಮಗಳ ದನಿ ಬಂತು: "ಅಪ್ಪಾ, ನಮ್ಮ ಕ್ಲಾಸಿನ್ಯಾಗ ಮಣಿಪುರದ ಹುಡುಗಿ ಅದಾಳ. ಎಲ್ಲಾರೂ ಚೀನೀ ಅಂತಾರ." ಸ್ವಲ್ಪ ತಡೆದು ಅಂದಳು: "ನಾನೂ ಅಂದೀನಿ."

ನಾನು ಬೈಯಲಿಲ್ಲ. ಅಣೆಕಟ್ಟು ಬರುವವರೆಗೂ ಅವಳು ಕಿಟಕಿಯಾಚೆ ನೋಡುತ್ತಲೇ ಇದ್ದಳು.