ಅಝಾನ್ ಮತ್ತು ಅಖೀಕಾದ ನಡುವೆ

ಮಗು ಜನಿಸಿದಾಗ ತಂದೆ ನೆರವೇರಿಸಬೇಕಾದ ವಿಧಿಗಳು ನಮಗೆಲ್ಲರಿಗೂ ತಿಳಿದಿವೆ. ಕಿವಿಯಲ್ಲಿ ಅಝಾನ್ ಹೇಳುವುದು, ಏಳನೆಯ ದಿನ ಅಖೀಕಾ ನೀಡುವುದು, ಒಳ್ಳೆಯ ಹೆಸರಿಡುವುದು, ತಲೆಗೂದಲು ತೆಗೆಸಿ ಅದರ ತೂಕದ ಬೆಳ್ಳಿಯಷ್ಟು ದಾನ ಮಾಡುವುದು. ಆದರೆ ಅಝಾನ್ ಮತ್ತು ಅಖೀಕಾದ ನಡುವೆ ಕೆಲವು ರಾತ್ರಿಗಳಿವೆ. ಆ ರಾತ್ರಿಗಳಲ್ಲಿ ತಂದೆ ಎಲ್ಲಿರಬೇಕೆಂಬುದನ್ನು ನಾವು ಅಷ್ಟಾಗಿ ಚರ್ಚಿಸುವುದಿಲ್ಲ.

ನಮ್ಮ ಮಗಳು ಕೊಳ್ಳೇಗಾಲದ ಆಸ್ಪತ್ರೆಯೊಂದರಲ್ಲಿ ಜನಿಸಿದಳು. ರೂಢಿಯಂತೆ ಬಾಣಂತನ ಹನೂರಿನ ತವರುಮನೆಯಲ್ಲಿ. ನನ್ನ ದುಡಿಮೆ ಕೊಳ್ಳೇಗಾಲದ ರೇಷ್ಮೆ ಸೀರೆಯ ಅಂಗಡಿಯಲ್ಲಿ. "ಬಾಣಂತಿಯ ಕೋಣೆಯಲ್ಲಿ ಗಂಡಸಿಗೇನು ಕೆಲಸ? ಅಖೀಕಾದ ದಿನ ಬಂದರೆ ಸಾಕು" ಎಂದು ಹಿರಿಯರು ಪ್ರೀತಿಯಿಂದಲೇ ಹೇಳಿದರು. ನಾನು ರಜೆ ಪಡೆದು ಹನೂರಿನಲ್ಲೇ ಉಳಿದೆ. ಮಗು ಹಾಲು ಕುಡಿದ ಹೊತ್ತನ್ನೂ ಒದ್ದೆ ಬಟ್ಟೆಗಳ ಲೆಕ್ಕವನ್ನೂ ಬರೆದಿಡುವುದು ನನ್ನ ಪಾಲಿನ ಕೆಲಸವಾಯಿತು.

ನಾಲ್ಕನೆಯ ದಿನ ಮಗುವಿನ ಮುಖದಲ್ಲಿ ಹಳದಿ ಛಾಯೆ ಕಾಣಿಸಿತು. ಬೆಳಗಿನ ಬಿಸಿಲು ಕಾಯಿಸಿದರೆ ಸಾಕೆಂದರು ನಾನಿ. ಯಳಂದೂರಿನಿಂದ ಬಂದಿದ್ದ ಫೂಫು ಜೇನು ನೆಕ್ಕಿಸಲು ಹೇಳಿದರು. ತನ್ನಲ್ಲಿ ಹಾಲೇ ಸಾಲದೆಂದು ಪತ್ನಿ ಕಣ್ಣೀರಿಟ್ಟಳು. ದಿನಕ್ಕೆ 8ರಿಂದ 12 ಬಾರಿ ಹಾಲುಣ್ಣಬೇಕಾದ ಮಗು ಸಂಜೆಯವರೆಗೆ ಮೂರೇ ಬಾರಿ ಕುಡಿದಿತ್ತು. ಎಬ್ಬಿಸಿದರೂ ಕಣ್ಣು ತೆರೆಯುತ್ತಿರಲಿಲ್ಲ. ಆ ಲೆಕ್ಕದ ಹಾಳೆಯನ್ನು ಹಿಡಿದೇ ಮಗುವನ್ನು ಕೊಳ್ಳೇಗಾಲಕ್ಕೆ ಕರೆದೊಯ್ದೆವು.

ವೈದ್ಯರು ರಕ್ತ ಪರೀಕ್ಷಿಸಿ, ಮಗುವನ್ನು ನೀಲಿ ಬೆಳಕಿನಡಿ ಮಲಗಿಸಿದರು. ಎರಡು-ಮೂರನೆಯ ದಿನ ಕಾಣುವ ಕಾಮಾಲೆ ಬಹುತೇಕ ಶಿಶುಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಮೊದಲ 24 ಗಂಟೆಗಳಲ್ಲೇ ಕಂಡರೆ, ಅಂಗೈ ಅಂಗಾಲುಗಳಿಗೆ ಹರಡಿದರೆ ಅಥವಾ ಮಗು ಮಂಕಾಗಿ ಹಾಲು ಬಿಟ್ಟರೆ ತಡಮಾಡಬಾರದು ಎಂದು ವಿವರಿಸಿದರು. ಎದೆಹಾಲನ್ನು ಪದೇಪದೇ ಕುಡಿಸುತ್ತಿರಬೇಕು, ಒಂದು ವರ್ಷ ತುಂಬುವವರೆಗೆ ಜೇನು ಕೂಡದು ಎಂದೂ ಎಚ್ಚರಿಸಿದರು. ಏಳನೆಯ ದಿನ ಆಸ್ಪತ್ರೆಯಲ್ಲೇ ಕಳೆಯಿತು. ಅಲ್‌ಹಮ್ದುಲಿಲ್ಲಾಹ್, ಮಗು ಚೇತರಿಸಿಕೊಂಡಿತು. ಹದಿನಾಲ್ಕನೆಯ ದಿನ ಅಖೀಕಾ ನೆರವೇರಿಸಿದೆವು. ಅದಕ್ಕೆ ವಿದ್ವಾಂಸರ ಅನುಮತಿಯಿದೆ.

ನಮಾಝಿನಲ್ಲಿ ಶಿಶುವಿನ ಅಳು ಕೇಳಿಸಿದರೆ, ತಾಯಿಯ ತಳಮಳವನ್ನು ನೆನೆದು ಪ್ರವಾದಿ(ಸ)ರವರು ನಮಾಝನ್ನೇ ಸಂಕ್ಷಿಪ್ತಗೊಳಿಸುತ್ತಿದ್ದರು. ಅವರು ಮನೆಯಲ್ಲಿ ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 233ನೆಯ ಸೂಕ್ತವು ಹಾಲುಣಿಸುವ ತಾಯಿಯ ಅನ್ನವಸ್ತ್ರದ ಹೊಣೆಯನ್ನು ತಂದೆಗೆ ವಹಿಸುತ್ತದೆ. ಹಾಲು ಬಿಡಿಸುವ ತೀರ್ಮಾನವನ್ನೂ ಇಬ್ಬರ ಸಮ್ಮತಿ ಮತ್ತು ಸಮಾಲೋಚನೆಗೆ ಬಿಡುತ್ತದೆ. ಕೋಣೆಯ ಹೊರಗೇ ಉಳಿಯುವ ತಂದೆ ಸಮಾಲೋಚನೆ ನಡೆಸುವುದಾದರೂ ಹೇಗೆ?

ಬಾಣಂತಿಗೆ ಅಲ್ಲಾಹನು ನಮಾಝ್ ಮತ್ತು ಉಪವಾಸಗಳಿಂದಲೇ ವಿನಾಯಿತಿ ನೀಡಿದ್ದಾನೆ. ನಾವಾದರೋ ಅತಿಥಿಗಳ ಸಾಲು, ಸಲಹೆಗಳ ಮಳೆ, ಹೆಣ್ಣೋ ಗಂಡೋ ಎಂಬ ಮಾತುಗಳಿಂದ ಅವಳ ವಿಶ್ರಾಂತಿಯನ್ನು ಕಸಿಯುತ್ತೇವೆ. ನಮ್ಮ ಚಿಲ್ಲಾ ನಲವತ್ತು ದಿನ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗಳಿಗೆ ಆಶಾ ಕಾರ್ಯಕರ್ತೆಯರ ಭೇಟಿಗಳೂ 3, 7, 14, 21, 28 ಮತ್ತು 42ನೆಯ ದಿನಗಳಿಗೆ ನಿಗದಿಯಾಗಿವೆ. ನಮ್ಮ ಹಿರಿಯರ ಅನುಭವವೂ ವೈದ್ಯರ ತಿಳಿವಳಿಕೆಯೂ ಈ ಅವಧಿಯ ಬೆಲೆಯನ್ನು ಒಂದೇ ರೀತಿಯಲ್ಲಿ ಅರಿತಿವೆ.

ನಮ್ಮ ಊರುಗಳ ಯುವ ತಂದೆಯರಲ್ಲಿ ವಿನಂತಿ ಇಷ್ಟೇ. ಅಖೀಕಾದ ಆಡುಗಳಿಗೆ ಹಣ ಕೂಡಿಡುವಂತೆ, ಈ ದಿನಗಳಿಗಾಗಿ ರಜೆಯನ್ನೂ ಕೂಡಿಡಿ. ರಾತ್ರಿ ಎರಡು ಗಂಟೆಗೆ ಮಗುವನ್ನು ಎತ್ತಿಕೊಂಡು ಅದರ ತಾಯಿಗೆ ಒಂದು ಗಂಟೆಯ ನಿದ್ದೆ ದೊರಕಿಸಿಕೊಡುವುದು ಸಹ ಸತ್ಕರ್ಮವೇ. ಅಲ್ಲಾಹನು ನಮ್ಮ ಮಕ್ಕಳನ್ನು ನಮ್ಮ ಕಣ್ಣುಗಳಿಗೆ ತಂಪಾಗಿಸಲಿ, ಅವರ ತಾಯಂದಿರಿಗೆ ಆರೋಗ್ಯ ದಯಪಾಲಿಸಲಿ. ಆಮೀನ್.