ಅಜ್ಜಿಯ ಟೀವಿ, ಮಾವನ ರಿಮೋಟು

2010ರ ಬೇಸಿಗೆ ರಜೆಯಲ್ಲಿ ಮಾವ ನ್ಯೂಜೆರ್ಸಿಯಿಂದ ಹಾಸನಕ್ಕೆ ಬಂದಾಗ ಸೂಟ್‌ಕೇಸಿನಲ್ಲಿ ಎಂದಿನಂತೆ ಚಾಕೊಲೇಟು, ಅಜ್ಜಿಯ ಮಂಡಿನೋವಿಗೆ ಮುಲಾಮು ಇದ್ದವು. ಜೊತೆಗೆ ಟವೆಲ್ಲಿನಲ್ಲಿ ಸುತ್ತಿಟ್ಟ ಒಂದು ಕಪ್ಪು ಡಬ್ಬಿಯೂ ಇತ್ತು. ನಾನು ಆಗ ಅಜ್ಜಿಯ ಮನೆಯಲ್ಲೇ ಇದ್ದು ಓದುತ್ತಿದ್ದೆ, ಎಂಟನೇ ಕ್ಲಾಸಿಗೆ ಹೋಗುವವಳಿದ್ದೆ. ಮಾವ ಎರಡು ದಿನ ಟೀವಿಯ ಹಿಂದೆಯೇ ಕೂತಿದ್ದ. ಫೋನಿನ ಪಕ್ಕದ ಮೋಡೆಮ್‌ನಿಂದ ಬಾಗಿಲ ಮೇಲೆ ಹಾಯಿಸಿ ನೀಲಿ ತಂತಿ ಎಳೆದ. ಡಿಶ್‌ನ ಸೆಟ್‌ಟಾಪ್ ಬಾಕ್ಸಿನಿಂದ ಟೀವಿಗೆ ಹೋಗುತ್ತಿದ್ದ ವೈರುಗಳು ಈಗ ಈ ಡಬ್ಬಿಯೊಳಗೆ ಹೊಕ್ಕು ಹೊರಗೆ ಬರುತ್ತಿದ್ದವು. ಕೊನೆಗೆ ಒಂದು ತೆಳ್ಳನೆಯ ತಂತಿಯ ತುದಿಯನ್ನು ಸೆಟ್‌ಟಾಪ್ ಬಾಕ್ಸಿನ ಮುಖಕ್ಕೆ, ರಿಮೋಟಿನ ಬೆಳಕು ಬೀಳುವ ಜಾಗಕ್ಕೆ, ಸರಿಯಾಗಿ ಅಂಟಿಸಿದ.

"ಇನ್ಮೇಲೆ ಅಲ್ಲಿ ಕೂತ್ಕೊಂಡೇ ನಮ್ಮನೆ ಟೀವಿ ನೋಡ್ಬಹುದು ಕಣಮ್ಮ" ಅಂದ.

"ಅಷ್ಟು ದೂರದಿಂದ ಕಣ್ಣು ಕಾಣತ್ತೇನೋ?" ಅಂದಳು ಅಜ್ಜಿ.

ಆ ಡಬ್ಬಿಯ ಹೆಸರು ಸ್ಲಿಂಗ್‌ಬಾಕ್ಸ್. ಬ್ಲೇಕ್ ಮತ್ತು ಜೇಸನ್ ಕ್ರಿಕೋರಿಯನ್ ಎಂಬ ಅಣ್ಣತಮ್ಮಂದಿರು ಮಾಡಿದ್ದು. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಹುಚ್ಚಿನ ಇವರಿಗೆ ಬೇರೆ ಊರಿಗೆ ಹೋದಾಗ ತಮ್ಮ ತಂಡದ ಆಟ ನೋಡಲಾಗುತ್ತಿರಲಿಲ್ಲ. ಮನೆಯಲ್ಲಿ ದುಡ್ಡು ಕಟ್ಟಿ ಹಾಕಿಸಿಕೊಂಡ ಟೀವಿ ಸುಮ್ಮನೆ ಕೂತಿರುತ್ತಿತ್ತು. ಅದನ್ನೇ ಇಂಟರ್ನೆಟ್ಟಿನಲ್ಲಿ ತರಿಸಿಕೊಂಡರೆ ಹೇಗೆ ಎಂದು ಹೊರಟು, 2005ರಲ್ಲಿ ಡಬ್ಬಿಯನ್ನು ಮಾರುಕಟ್ಟೆಗೆ ತಂದರು. ಟೀವಿಗೆ ಬರುವ ಚಿತ್ರವನ್ನು ಅದು ಹಿಂಡಿ ಚಿಕ್ಕದು ಮಾಡಿ, ಮನೆಯ ಇಂಟರ್ನೆಟ್ಟಿನ ಮೂಲಕ ಯಜಮಾನನ ಕಂಪ್ಯೂಟರಿಗೆ ಕಳಿಸುತ್ತಿತ್ತು. ಒಂದು ಸಲಕ್ಕೆ ಒಬ್ಬರೇ ನೋಡಬಹುದು. ಯಜಮಾನ ಅಲ್ಲಿ ಗುಂಡಿ ಒತ್ತಿದರೆ, ಇಲ್ಲಿ ಅಂಟಿಸಿದ ತಂತಿಯ ತುದಿ ಕಣ್ಣಿಗೆ ಕಾಣದ ಬೆಳಕು ಬಿಟ್ಟು ಚಾನೆಲ್ ಬದಲಾಯಿಸುತ್ತಿತ್ತು.

ನಮ್ಮ ಮನೆಯ ಇಂಟರ್ನೆಟ್ಟು ಕೆಳಗೆ ಇಳಿಯುವಾಗ ಪರವಾಗಿಲ್ಲ ಅನ್ನುವಂತಿತ್ತು, ಮೇಲೆ ಹತ್ತುವಾಗ ಮಾತ್ರ ಏದುಸಿರು. ಡಬ್ಬಿಗೆ ಬೇಕಾದದ್ದು ಈ ಹತ್ತುವ ದಾರಿಯೇ. ಹಾಗಾಗಿ ನ್ಯೂಜೆರ್ಸಿಯಲ್ಲಿ ಕಾಣುತ್ತಿದ್ದ ಮುಖಗಳೆಲ್ಲ ಚೌಕಚೌಕವಾಗಿರುತ್ತಿದ್ದವಂತೆ. ಆದರೂ ಮಾವ ಆಫೀಸಿನ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಪುಟ್ಟ ಕಿಟಕಿ ತೆರೆದಿಟ್ಟುಕೊಳ್ಳುತ್ತಿದ್ದ. ನಮಗೆ ರಾತ್ರಿಯಾದಾಗ ಅವನಿಗೆ ಬೆಳಗಿನ ಕೆಲಸದ ಹೊತ್ತು.

ತೊಂದರೆ ಶುರುವಾದದ್ದು ಮರುವರ್ಷದ ಐಪಿಎಲ್‌ನಲ್ಲಿ. ಅಜ್ಜಿ ಊಟದ ತಟ್ಟೆ ಹಿಡಿದು ಟಿ. ಎನ್. ಸೀತಾರಾಮ್ ಅವರ 'ಮುಕ್ತ ಮುಕ್ತ' ನೋಡುತ್ತಿದ್ದಳು. ಕೋರ್ಟಿನ ದೃಶ್ಯ. ವಕೀಲರು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಪರದೆ ಕಪ್ಪಾಗಿ ಆರ್‌ಸಿಬಿ ಪಂದ್ಯ ಬಂತು. ಅಜ್ಜಿ ವಾಪಸು ಹಾಕಿದಳು. ಮತ್ತೆ ಪಂದ್ಯ ಬಂತು. ಮತ್ತೆ ಹಾಕಿದಳು. "ಪುಟ್ಟೀ, ಟೀವಿಗೆ ಏನೋ ಮೆಟ್ಕೊಂಡಿದೆ ಬಾರೇ" ಎಂದು ಕೂಗಿದಳು. ನನಗೆ ಗೊತ್ತಾಯಿತು. ಮೆಟ್ಟಿಕೊಂಡದ್ದು ಮಾವ ಎಂದೆ. ತಟ್ಟೆ ಕೆಳಗಿಟ್ಟು, ಎಡಗೈಯಿಂದ ಸೆಟ್‌ಟಾಪ್ ಬಾಕ್ಸಿಗೆ ಅಂಟಿದ್ದ ಆ ತಂತಿಯನ್ನು ಕಿತ್ತು ಗೋಡೆಯ ಮೊಳೆಗೆ ಸುತ್ತಿಬಿಟ್ಟಳು.

ಹತ್ತು ನಿಮಿಷಕ್ಕೆ ಫೋನ್ ಬಂತು. ಚಾನೆಲ್ ಬದಲಾಗುತ್ತಿಲ್ಲ ಎಂದ. ನಾನೇ ಕಿತ್ತೆ ಎಂದಳು.

"ಡಿಶ್‌ಗೆ, ಇಂಟರ್ನೆಟ್ಟಿಗೆ ದುಡ್ಡು ಕಟ್ಟೋದು ನಾನು ಕಣಮ್ಮ."

"ಕೂತು ನೋಡೋದು ನಾನು ಕಣೋ."

ಅಲ್ಲಿಗೆ ಮಾತು ಮುಗಿಯಿತು. ಎರಡು ವಾರ ಮಾವ ಮುನಿಸಿಕೊಂಡಿದ್ದ. ಅಜ್ಜಿಯೂ ತಾನಾಗಿ ಫೋನ್ ಮಾಡಲಿಲ್ಲ. ನಾನು ಮೆಲ್ಲಗೆ ತಂತಿಯನ್ನು ಮತ್ತೆ ಅಂಟಿಸಲು ಹೋಗಿ ಬೈಸಿಕೊಂಡೆ.

ಇಂದು ನಾನು ಟೀವಿ ಮತ್ತು ಮನೆಯ ಬಗ್ಗೆಯೇ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಡಿಯೊ ರೆಕಾರ್ಡರ್ ಕುರಿತ 1984ರ ಅಮೆರಿಕದ ಪ್ರಸಿದ್ಧ ತೀರ್ಪನ್ನು ಓದಿದ್ದೇನೆ. ಆಮೇಲೆ ನೋಡಲೆಂದು ಮನೆಯಲ್ಲಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು ಒಂದೇ ಒಂದು ಮತದ ಅಂತರದಿಂದ ಹೇಳಿತು. ಸಮಯವನ್ನು ಪಲ್ಲಟಿಸಬಹುದಾದರೆ ಜಾಗವನ್ನೂ ಪಲ್ಲಟಿಸಬಹುದು ಎಂಬುದು ಸ್ಲಿಂಗ್‌ಬಾಕ್ಸ್‌ನವರ ವಾದ. ನಿಮ್ಮ ಟೀವಿ ನಿಮ್ಮದು, ಎಲ್ಲಿ ಬೇಕಾದರೂ ನೋಡಿ. ಟೀವಿಯವರಿಗೂ ನೋಡುವವರಿಗೂ ನಡುವಿನ ಈ ವ್ಯಾಜ್ಯದಲ್ಲಿ, ಒಂದೇ ಮನೆಯ ಇಬ್ಬರು ಒಂದೇ ರಿಮೋಟಿಗೆ ಕಿತ್ತಾಡಿದರೆ ಟೀವಿ ಯಾರದ್ದು ಎಂಬ ಪ್ರಶ್ನೆಯನ್ನು ಯಾರೂ ಎತ್ತಿದ ಹಾಗಿಲ್ಲ. ಹಾಸನದ ನಮ್ಮ ಹಜಾರದಲ್ಲಿ ಅದು ಊಟದ ಮಧ್ಯೆ ಇತ್ಯರ್ಥವಾಗಿತ್ತು.

ಮುನಿಸು ಮುರಿದದ್ದು ಮಾವನೇ. ಒಂದು ದಿನ ಫೋನ್ ಮಾಡಿ, "ಅಮ್ಮ, ನಿನ್ನೆ ಆ ವಕೀಲರು ಕೊನೆಗೆ ಏನಂದ್ರು? ನಂಗೆ ಮೀಟಿಂಗ್ ಬಂದ್ಬಿಡ್ತು" ಎಂದ. ಚಾನೆಲ್ ಬದಲಾಯಿಸುವ ಅಧಿಕಾರ ಹೋದ ಮೇಲೆ ಅವನಿಗೆ ಉಳಿದದ್ದು ಅಜ್ಜಿ ನೋಡಿದ್ದನ್ನು ನೋಡುವುದಷ್ಟೇ. ಅವನು ಅದನ್ನೇ ನೋಡತೊಡಗಿದ್ದ. ಅದಕ್ಕೆ ಮುಂಚೆ ಇಬ್ಬರ ಫೋನ್ ಮಾತು ಮೂರು ಪ್ರಶ್ನೆಯಲ್ಲಿ ಮುಗಿಯುತ್ತಿತ್ತು: ಮಾತ್ರೆ ತಗೊಂಡ್ಯಾ, ಬಿಪಿ ಎಷ್ಟಿದೆ, ದುಡ್ಡು ಬಂತಾ. ಈಗ ಸೊಸೆ ಮಾಡಿದ್ದು ಸರಿಯೋ ತಪ್ಪೋ ಎಂದು ಅರ್ಧ ಗಂಟೆ ಜಗಳವಾಡುತ್ತಿದ್ದರು. ಮಗನ ಜೊತೆ ಮಾತಾಡಿ ಫೋನಿಟ್ಟ ಮೇಲೆ ಅಜ್ಜಿ ನಗುತ್ತಿದ್ದುದನ್ನು ನಾನು ನೋಡಿದ್ದು ಆಗಲೇ.

ಇನ್ನೊಂದು ಸಂಗತಿ ಯಾರೂ ಎಣಿಸಿರಲಿಲ್ಲ. ಮಳೆ ಜೋರಾದರೆ ಡಿಶ್‌ಗೆ ಸಿಗ್ನಲ್ ಸಿಗದೆ ಚಿತ್ರ ಹೋಗಿ, ಪರದೆಯ ಮೇಲೆ ಬರಹ ಬರುತ್ತದೆ. ಕರೆಂಟು ಹೋದರೆ ಡಬ್ಬಿಯ ಸಂಪರ್ಕವೇ ಕಡಿಯುತ್ತದೆ. ಮಾವ ಈ ಎರಡರ ವ್ಯತ್ಯಾಸ ಕಲಿತುಬಿಟ್ಟ. "ಅಮ್ಮ, ಮಳೆ ಬರ್ತಿದೆ ಅಲ್ವಾ? ಮಹಡಿ ಮೇಲೆ ಸಂಡಿಗೆ ಇದ್ರೆ ತೆಗಿ" ಎಂದು ಅಮೆರಿಕದಿಂದ ಫೋನ್ ಬರುತ್ತಿತ್ತು. ಹಿಂದಿನ ಕೋಣೆಯಲ್ಲಿದ್ದ ನಮಗೆ ಆಗಷ್ಟೇ ಹನಿಯ ಸದ್ದು ಕೇಳಿಸುತ್ತಿತ್ತು.

ರೇಮಂಡ್ ವಿಲಿಯಮ್ಸ್ 1974ರ ತನ್ನ ಪುಸ್ತಕದಲ್ಲಿ ಟೀವಿಯನ್ನು 'ಹರಿವು' ಎನ್ನುತ್ತಾನೆ. ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಬಂದ ಸುಸ್ತಿನಲ್ಲಿ, ಮಿಯಾಮಿಯಲ್ಲಿ ಒಂದು ರಾತ್ರಿ ಸಿನಿಮಾ ನೋಡುತ್ತ ಕೂತವನಿಗೆ ಅದೂ ಜಾಹೀರಾತೂ ಮುಂಬರುವ ಚಿತ್ರಗಳ ತುಣುಕೂ ಒಂದರೊಳಗೊಂದು ಬೆರೆತು ಕಂಡವಂತೆ. ಅದನ್ನು ಓದಿದಾಗ ನನಗೆ ಮಾವ ನೆನಪಾದ. ಈಗ ಕನ್ನಡದ ಧಾರಾವಾಹಿಗಳು ಮೊಬೈಲಿನಲ್ಲೇ ಸಿಗುತ್ತವೆ, ಚಿತ್ರವೂ ಸ್ಪಷ್ಟ. ಆದರೆ ಅವುಗಳಲ್ಲಿ ಹಾಸನದ ಮಳೆ ಬರುವುದಿಲ್ಲ. ಅಜ್ಜಿ ಬೇಜಾರಾಗಿ ನಡುವೆ ಚಾನೆಲ್ ಬದಲಾಯಿಸುವುದೂ ಇಲ್ಲ.

ಅಜ್ಜಿ ತೀರಿಕೊಂಡದ್ದು 2019ರ ಮಳೆಗಾಲದಲ್ಲಿ. ಮಾವ ಬಂದು ಕಾರ್ಯ ಮುಗಿಸಿ ಹೊರಡುವಾಗ, ಸೆಟ್‌ಟಾಪ್ ಬಾಕ್ಸ್ ಆರಿಸಬೇಡ, ರೀಚಾರ್ಜ್ ನಾನು ಮಾಡ್ತಿರ್ತೀನಿ ಎಂದ. ಅಜ್ಜಿ ಕೊನೆಗೆ ನೋಡಿದ ಚಾನೆಲ್ಲೇ ಅದರಲ್ಲಿ ನಿಂತಿತ್ತು. ಟೀವಿ ಆರಿಸಿದೆವು, ಒಳಗೆ ಅದು ಓಡುತ್ತಲೇ ಇತ್ತು.

ಹತ್ತು ದಿನಕ್ಕೆ ಮಾವನ ಫೋನ್ ಬಂತು. ನಾನು ಇನ್ನೂ ಹಾಸನದಲ್ಲೇ ಇದ್ದೆ.

"ಪುಟ್ಟೀ, ಚಾನೆಲ್ ಯಾರು ಬದಲಾಯಿಸಿದ್ದು?"

"ಯಾರೂ ಇಲ್ಲ ಮಾವ. ರಾತ್ರಿ ಕರೆಂಟ್ ಹೋಗಿ ಬಂತು. ಆನ್ ಆದಾಗ ಕಂಪನಿಯವರ ಚಾನೆಲ್ಲೇ ಬರೋದು."

ಅವನು ಸುಮ್ಮನಾದ. ಮೊಳೆಯಲ್ಲಿ ಆ ತಂತಿ ಇನ್ನೂ ಇದೆ, ಅಂಟಿಸಲಾ, ಅಲ್ಲಿಂದಲೇ ಬೇಕಾದ್ದು ಹಾಕಿಕೊಳ್ಳಬಹುದು ಎಂದೆ.

"ಬೇಡ ಕಣೇ. ಬಿಡು."

ಆ ತಿಂಗಳು ಅವನು ರೀಚಾರ್ಜ್ ಮಾಡಲಿಲ್ಲ. ಸ್ಲಿಂಗ್‌ಬಾಕ್ಸ್ ನಿಲ್ಲಿಸುವುದಾಗಿ ಕಂಪನಿ 2020ರ ನವೆಂಬರಿನಲ್ಲಿ ಹೇಳಿತು. ಸರಿಯಾಗಿ ಎರಡು ವರ್ಷಕ್ಕೆ, 2022ರ ನವೆಂಬರ್ 9ರಂದು, ಅದರ ಸರ್ವರ್‌ಗಳು ನಿಂತವು. ಎಲ್ಲೆಲ್ಲಿಯೋ ಮನೆಗಳಲ್ಲಿ ಉಳಿದಿದ್ದ ಡಬ್ಬಿಗಳು ಅವತ್ತು ಉಪಯೋಗಕ್ಕೆ ಬಾರದಾದವು. ನಮ್ಮದು ನನ್ನ ಹಾಸ್ಟೆಲ್ ರೂಮಿನ ಮೇಜಿನ ಮೇಲಿದೆ. ಪ್ರಬಂಧಕ್ಕೆ ಬೇಕು ಎಂದು ಮಾವನನ್ನು ಕೇಳಿ ತಂದುಕೊಂಡೆ. ತಂತಿಯನ್ನು ಮಾತ್ರ ಮೊಳೆಯಿಂದ ಬಿಚ್ಚದೆ ಅಲ್ಲೇ ಬಿಟ್ಟು ಬಂದೆ.