ಆರು ರನ್ನು

ಮುಂದಿನ ತಿಂಗಳು ನನಗೆ ಮೂವತ್ತು ತುಂಬುತ್ತದೆ. ಮನೆಯಲ್ಲಿ ಈ ಮಾತನ್ನು ಯಾರೂ ನೇರವಾಗಿ ಎತ್ತುವುದಿಲ್ಲ. "ಆಗಸ್ಟ್ ಬಂದೇ ಬಿಡ್ತು" ಎನ್ನುತ್ತಾರೆ, ಏನೋ ಕಂತು ಕಟ್ಟುವ ದಿನ ಬಂತು ಎಂಬ ಹಾಗೆ. ಅಮ್ಮನಿಗೆ ಮೂವತ್ತು ತುಂಬಿದಾಗ ನಾನು ಮೂರನೇ ಕ್ಲಾಸಿನಲ್ಲಿದ್ದೆ. ನನ್ನ ಜೊತೆ ಬಿ.ಎ. ಓದಿದವರ ಮಕ್ಕಳು ಈಗ ಎಲ್‌ಕೆಜಿಗೆ ಹೋಗುತ್ತಿದ್ದಾರೆ. ನಾನು ಮಾನಸಗಂಗೋತ್ರಿಯಲ್ಲಿ ವೀರಗಲ್ಲುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಫೆಲೋಶಿಪ್ ಮಾರ್ಚಿಗೆ ಮುಗಿಯಿತು, ಪ್ರಬಂಧ ಮುಗಿದಿಲ್ಲ. ಮದುವೆಮನೆಗಳಲ್ಲಿ ಬಂಧುಗಳು ಕೇಳುವ ಎರಡೂ ಪ್ರಶ್ನೆಗಳಿಗೆ ನನ್ನ ಹತ್ತಿರ ಇರುವುದು ಒಂದೇ ಉತ್ತರ: "ಈ ವರ್ಷ ಆಗತ್ತೆ." ಆರ್‌ಸಿಬಿ ಅಭಿಮಾನಿಯಾಗಿ ಹದಿನೇಳು ವರ್ಷ ಇದನ್ನೇ ಹೇಳಿಕೊಂಡು ಬಂದಿರುವುದರಿಂದ ನಾಲಿಗೆಗೆ ಕಷ್ಟವೇನೂ ಆಗುವುದಿಲ್ಲ.

ಕ್ರಿಕೆಟ್ ನೋಡುವವರಿಗೆ ವಯಸ್ಸಾಗುವುದು ಬೇರೆ ಥರ. ಮೊದಲು ಆಟಗಾರರೆಲ್ಲ ಅಣ್ಣಂದಿರು. ಆಮೇಲೆ ಕೆಲವು ಕಾಲ ಓರಗೆಯವರು. ಒಂದು ದಿನ ನೋಡಿದರೆ ಬ್ಯಾಟ್ ಹಿಡಿದು ಬರುತ್ತಿರುವವನು ನಾವು ಪಾಠ ಹೇಳುವ ಡಿಗ್ರಿ ಹುಡುಗರಿಗಿಂತ ಚಿಕ್ಕವನು. ಈಗ ನನಗಿಂತ ದೊಡ್ಡವರು ಇನ್ನೂ ಆಡುತ್ತಿದ್ದಾರೆ ಎಂಬುದೇ ಒಂದು ಸಮಾಧಾನ. ಜೂನಿನಲ್ಲಿ ಕರುಣ್ ನಾಯರ್ ಎಂಟು ವರ್ಷದ ಮೇಲೆ ಟೆಸ್ಟ್ ತಂಡಕ್ಕೆ ಮರಳಿ, ಹೆಡಿಂಗ್ಲೆಯಲ್ಲಿ ಮೊದಲ ಇನಿಂಗ್ಸಿನಲ್ಲೇ ಸೊನ್ನೆಗೆ ಔಟಾದಾಗ ನಾನು ನನ್ನ ಪ್ರಬಂಧದ ಮೂರನೇ ಅಧ್ಯಾಯವನ್ನು ಮುಚ್ಚಿಟ್ಟು ಹೋಗಿ ಮಲಗಿದೆ.

ಈ ಹುಚ್ಚು ಅಪ್ಪನದು. ಅಪ್ಪ ಟೈಲರ್ ಆಗಿದ್ದರು. ಒಂದು ಮಳಿಗೆ, ಎರಡು ಮಿಷನ್ನು, ಕಾಜಾ ಹಾಕುವುದಕ್ಕೆ ಒಬ್ಬ ಹುಡುಗ. ಶೆಲ್ಫಿನ ಮೇಲೆ ರೇಡಿಯೊ. ಅಪ್ಪ ಹಿಂದಿ ಕಲಿತದ್ದೇ ಕಾಮೆಂಟರಿ ಕೇಳಿ. ಹಾಗಾಗಿ ಅವರಿಗೆ ಬರುತ್ತಿದ್ದ ಹಿಂದಿಯಲ್ಲಿ ಊಟ, ತಿಂಡಿ, ಬಸ್ಸು ಯಾವುದೂ ಇರಲಿಲ್ಲ. ಚೆಂಡು ಗಾಳಿಯಲ್ಲಿದೆ, ಚೆಂಡು ಬೌಂಡರಿ ಆಚೆ ಹೋಯಿತು, ಇಷ್ಟೇ. ಕ್ಲಬ್ ಹುಡುಗರಿಗೆ ಬಿಳಿ ಪ್ಯಾಂಟು ಹೊಲಿಯುವಾಗ ಮಾತ್ರ ಕೂಲಿ ಕಮ್ಮಿ ಮಾಡುತ್ತಿದ್ದರು. ಅಳತೆ ಬರೆದುಕೊಳ್ಳುವ ಉದ್ದನೆಯ ಪುಸ್ತಕವೊಂದಿತ್ತು. ಮುಂದಿನಿಂದ ಗಿರಾಕಿಗಳ ಸೊಂಟ, ತೋಳು, ಉದ್ದ. ಅದನ್ನೇ ತಿರುಗಿಸಿ ಹಿಂದಿನಿಂದ ತೆರೆದರೆ ಕರ್ನಾಟಕ ರಣಜಿ ತಂಡದ, ಆಮೇಲೆ ಆರ್‌ಸಿಬಿಯ ಪಂದ್ಯಗಳು. ತಾರೀಖು, ಎದುರಾಳಿ, ಸ್ಕೋರು, ಕೊನೆಯಲ್ಲಿ ಒಂದೇ ಅಕ್ಷರ: ಗೆದ್ದರೆ 'ಗೆ', ಸೋತರೆ 'ಸೋ'. ಒಂದೊಂದು ಪುಸ್ತಕದಲ್ಲಿ ಅಳತೆಗಳೂ ಸೋಲುಗಳೂ ನಡುವೆ ಎಲ್ಲೋ ಭೇಟಿಯಾಗುತ್ತಿದ್ದವು.

2010ರ ಜನವರಿಯಲ್ಲಿ ರಣಜಿ ಫೈನಲ್ ನಮ್ಮೂರಿಗೇ ಬಂತು. ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕಕ್ಕೂ ಮುಂಬೈಗೂ ಆಟ. ಈಗ ನಾನು ದಿನವೂ ಆ ಕಡೆಯಿಂದಲೇ ಡಿಪಾರ್ಟ್‌ಮೆಂಟಿಗೆ ಹೋಗುತ್ತೇನೆ. ಆಗ ನನಗೆ ಹದಿನಾಲ್ಕು. ನಾಲ್ಕನೆಯ ದಿನ, 14ನೇ ತಾರೀಖು, ಸಂಕ್ರಾಂತಿ. ಅಮ್ಮ ಲಂಗ ಉಡಿಸಿ ಎಳ್ಳು ಬೀರಲು ಕಳಿಸಬೇಕೆಂದಿದ್ದಳು. ಅಪ್ಪ ಎಳ್ಳುಬೆಲ್ಲದ ಪೊಟ್ಟಣಗಳಿದ್ದ ಬುಟ್ಟಿಯ ಸಮೇತ ನನ್ನನ್ನು ಸೈಕಲ್ಲಿಗೆ ಹತ್ತಿಸಿಕೊಂಡು, "ಅಲ್ಲೇ ಬೀರ್ಲಿ ಬಿಡು, ಊರೆಲ್ಲ ಅಲ್ಲೇ ಇದೆ" ಎಂದರು. ಊರೆಲ್ಲ ಅಲ್ಲೇ ಇತ್ತು. ಜಾಗ ಸಾಲದೆ ಜನ ಮರ ಹತ್ತಿದ್ದರು. ರೇಷ್ಮೆ ಲಂಗ ಉಟ್ಟು ಬಂದಿದ್ದ ಹುಡುಗಿ ಬಹುಶಃ ನಾನೊಬ್ಬಳೇ.

ಕರ್ನಾಟಕಕ್ಕೆ 338 ಬೇಕಿತ್ತು. ಮೊದಲ ಇನಿಂಗ್ಸಿನಲ್ಲಿ 130ಕ್ಕೆ ಆಲೌಟಾಗಿದ್ದ ತಂಡ ಅದು. ಆದರೆ ಮನೀಶ್ ಪಾಂಡೆ ಎಂಬ ಇಪ್ಪತ್ತರ ಹುಡುಗ, ಗಣೇಶ್ ಸತೀಶ್ ಜೊತೆ ನಿಂತು ಇನ್ನೂರಕ್ಕೂ ಮೀರಿದ ಜೊತೆಯಾಟ ಆಡಿದ. ಪಾಂಡೆ 144 ಹೊಡೆದ. ಅವನು ಇರುವಷ್ಟು ಹೊತ್ತು ಅಪ್ಪ ಕೂತ ಕಡೆಯಿಂದ ಏಳಲಿಲ್ಲ, ನನ್ನನ್ನೂ ಏಳಗೊಡಲಿಲ್ಲ. ಬಾತ್‌ರೂಮಿಗೆ ಹೋಗಬೇಕೆಂದರೆ "ಪುಟ್ಟೀ, ಇನ್ನೊಂದು ಓವರ್ ತಡ್ಕೊ" ಎನ್ನುತ್ತಿದ್ದರು. ಆಮೇಲೆ ಪಾಂಡೆ ಔಟಾದ. ಅಗರ್ಕರ್ ಒಟ್ಟು ಐದು ವಿಕೆಟ್ ಕಿತ್ತರು. ಬಾಲದವರು ಒಂದೊಂದೇ ರನ್ನು ಕೂಡಿಸುತ್ತ ಬಂದರು. 331ಕ್ಕೆ ಎಲ್ಲ ಮುಗಿಯಿತು. ಆರು ರನ್ನಿನ ಸೋಲು. ಹಿಂದಿನ ವರ್ಷ ಜೊಹಾನ್ಸ್‌ಬರ್ಗಿನಲ್ಲಿ ಐಪಿಎಲ್ ಫೈನಲ್ಲನ್ನು ಆರ್‌ಸಿಬಿ ಡೆಕ್ಕನ್ ಚಾರ್ಜರ್ಸ್‌ಗೆ ಸೋತದ್ದೂ ಆರು ರನ್ನಿಗೇ. ಸೈಕಲ್ ತುಳಿಯುತ್ತ ಅಪ್ಪ ಒಂದೇ ಮಾತು ಆಡಿದರು: "ಆರು ನಮಗೆ ಆಗಿಬರಲ್ಲ." ಬುಟ್ಟಿಯಲ್ಲಿದ್ದ ಎಳ್ಳನ್ನು ಯಾರಿಗೂ ಬೀರಿರಲಿಲ್ಲ. ದಾರಿಯಲ್ಲಿ ನಾನೇ ತಿಂದೆ.

ಮರುದಿನ ಸೂರ್ಯಗ್ರಹಣ. ಅಮ್ಮ ನೀರಿನ ಕೊಡಕ್ಕೆ, ಉಪ್ಪಿನಕಾಯಿ ಜಾಡಿಗೆಲ್ಲ ದರ್ಭೆ ಹಾಕಿ ಒಲೆ ಹಚ್ಚದೆ ಕೂತಿದ್ದಳು. ಅಪ್ಪ ಗ್ರಹಣ ಬಿಟ್ಟ ಮೇಲೂ ಊಟ ಮಾಡಲಿಲ್ಲ. ಅಕ್ಕಪಕ್ಕದವರು ಇವರಿಗೆ ಎಷ್ಟು ಆಚಾರ ಎಂದುಕೊಂಡರಂತೆ.

ಅಪ್ಪನಿಗೆ ಆಚಾರವೇನೂ ಇರಲಿಲ್ಲ. ದೇವಸ್ಥಾನಕ್ಕೆ ಹೋದರೆ ಹೊರಗೆ ಚಪ್ಪಲಿ ಕಾಯುವವರು ಅವರೇ. ಆದರೆ ಚೇಸಿಂಗ್ ಶುರುವಾದರೆ ಕುರ್ಚಿ ಅಲುಗಾಡುವಂತಿರಲಿಲ್ಲ. ಅಮ್ಮ ಹಾಲಿಗೆ ಬಂದಾಗೊಮ್ಮೆ ದ್ರಾವಿಡ್ ಔಟಾದರೆಂದು, ಅವಳು ಅಡುಗೆಮನೆಯಲ್ಲೇ ಇರಬೇಕೆಂಬ ಕಾಯಿದೆ ಬಂತು. ಅವಳು ಸುಮ್ಮನಿರುವವಳಲ್ಲ. "ನನ್ ದೇವ್ರಿಗೆ ಮೂಢನಂಬಿಕೆ ಅಂತೀರಿ. ನಾನು ಈಚೆ ಬಂದ್ರೆ ವಿಕೆಟ್ ಬೀಳತ್ತೆ ಅನ್ನೋದು ಏನು, ಸೈನ್ಸಾ?" ಅಪ್ಪ ಉತ್ತರ ಕೊಡುತ್ತಿರಲಿಲ್ಲ, ಆಟ ನಡೆಯುತ್ತಿರುತ್ತಿತ್ತಲ್ಲ.

ಒಂದು ವ್ಯತ್ಯಾಸ ಮಾತ್ರ ನನಗೆ ಆಗಲೇ ಕಾಣುತ್ತಿತ್ತು. ತಿಂಗಳಿಗೆ ಮೂರು ದಿನ ನಾನು ದೇವರ ಕೋಣೆಯ ಹತ್ತಿರ ಸುಳಿಯುವಂತಿರಲಿಲ್ಲ. ಹೂವಿನ ಬುಟ್ಟಿ ಮುಟ್ಟುವಂತಿರಲಿಲ್ಲ. ಅಳತೆ ಪುಸ್ತಕಕ್ಕೆ ಆ ನಿಯಮವಿರಲಿಲ್ಲ. ಹೊಟ್ಟೆನೋವೆಂದು ಮುದುರಿಕೊಂಡು ಕೂತವಳ ಕೈಗೆ ಅಪ್ಪ ಪೆನ್ನು ಕೊಟ್ಟು "ನೀನೇ ಬರಿ" ಎನ್ನುತ್ತಿದ್ದರು. ಆ ವಯಸ್ಸಿನಲ್ಲಿ ನಾನು ಅಮ್ಮನ ಕಡೆಯಿಂದ ಅಪ್ಪನ ಕಡೆಗೆ ಸರಿದದ್ದಕ್ಕೆ ಕ್ರಿಕೆಟ್ಟಿಗಿಂತ ಇದೇ ದೊಡ್ಡ ಕಾರಣವಿದ್ದೀತು.

ಕರ್ನಾಟಕ ಆಮೇಲೆ ರಣಜಿ ಗೆದ್ದಿತು, ಸಾಲಾಗಿ ಎರಡು ವರ್ಷ. 2015ರ ಫೈನಲ್ಲಿನಲ್ಲಿ ಕರುಣ್ ನಾಯರ್ 328 ಹೊಡೆದಾಗ ಅಪ್ಪ ಅಂಗಡಿಗೆ ಬಂದವರಿಗೆಲ್ಲ ಟೀ ಕೊಡಿಸಿದರು. ಆ ಗೆಲುವುಗಳ ಬಗ್ಗೆ ಇಷ್ಟೇ ಹೇಳಲು ಸಾಧ್ಯ. ಸೋಲುಗಳು ಮಾತ್ರ ಬಾಲು ಬಾಲಾಗಿ ನೆನಪಿವೆ. 2016ರಲ್ಲಿ ಚಿನ್ನಸ್ವಾಮಿಯಲ್ಲೇ ಹೈದರಾಬಾದಿಗೆ ಎಂಟು ರನ್ನಿನಿಂದ. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ ನೂರು ದಾಟಿಸಿದ ಮೇಲೆ! 2017ರ ಡಿಸೆಂಬರಿನಲ್ಲಿ ರಣಜಿ ಸೆಮಿಫೈನಲ್ಲಿನಲ್ಲಿ ವಿದರ್ಭಕ್ಕೆ ಐದು ರನ್ನಿನಿಂದ. ಅವತ್ತು ಅಪ್ಪ "ಸದ್ಯ, ಆರಲ್ಲ" ಎಂದರು.

ಪುಸ್ತಕದಲ್ಲಿ ಅಪ್ಪನ ಕೈಬರಹದ ಕೊನೆಯ ಸಾಲು 2021ರ ಏಪ್ರಿಲ್ 27ರದ್ದು. ಡೆಲ್ಲಿ ಮೇಲೆ ಒಂದು ರನ್ನಿನ ಗೆಲುವು. 'ಗೆ' ಎಂಬ ಅಕ್ಷರ ಸ್ವಲ್ಪ ನಡುಗಿದೆ. ಆಗಲೇ ಜ್ವರ ಬಂದು ಎರಡು ದಿನವಾಗಿತ್ತು. ಮೇ 4ಕ್ಕೆ ಟೂರ್ನಮೆಂಟೇ ನಿಂತುಹೋಯಿತು. ಅಪ್ಪ ಅಷ್ಟರಲ್ಲಿ ಆಸ್ಪತ್ರೆಯಲ್ಲಿದ್ದರು. ಫೋನಿನಲ್ಲಿ ನನ್ನನ್ನು ಕೇಳಿದ ಕೊನೆಯ ಪ್ರಶ್ನೆ, ಉಳಿದ ಆಟಗಳನ್ನು ಯಾವಾಗ ಆಡಿಸುತ್ತಾರಂತೆ ಎಂದು. ಅದಾದ ಆರನೆಯ ದಿನ ಹೋದರು. ಈ ಆರನ್ನು ನಾನು ಯಾರಿಗೂ ಎತ್ತಿ ಹೇಳಿಲ್ಲ.

ಅವರನ್ನು ಸೇರಿಸಿದ ರಾತ್ರಿ ಅಮ್ಮ ಚಾಮುಂಡಿಗೆ ಹರಕೆ ಹೊತ್ತಿದ್ದಳು. ಮನೆಗೆ ಬಂದರೆ ಆಷಾಢ ಶುಕ್ರವಾರ ಬೆಟ್ಟದ ಎಲ್ಲ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುತ್ತೇನೆ ಎಂದು. ಸಾವಿರ ಮೆಟ್ಟಿಲು. ಅಪ್ಪ ಮನೆಗೆ ಬರಲಿಲ್ಲ. ಹಾಗಾಗಿ ಹರಕೆಯೂ ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ. ಅಮ್ಮ ಹಾಗೆ ಅಂದುಕೊಂಡಿರಲಿಲ್ಲ. ಪ್ರತಿ ಆಷಾಢಕ್ಕೂ ಆ ಮಾತು ತೆಗೆಯುತ್ತಿದ್ದಳು, ಪ್ರತಿ ಸಲವೂ ನಾನು ಅವಳ ಮಂಡಿಯನ್ನು ತೋರಿಸಿ ಬಾಯಿ ಮುಚ್ಚಿಸುತ್ತಿದ್ದೆ. ಒಂದು ಸಲ ಸಿಟ್ಟಿನಲ್ಲಿ, "ಅವಳು ಮಾತು ಉಳಿಸ್ಕೊಳ್ಲಿಲ್ಲ, ನೀನ್ಯಾಕೆ ಉಳಿಸ್ಕೊಬೇಕು?" ಎಂದೆ. "ಅವಳೆಲ್ಲಿ ಮಾತು ಕೊಟ್ಟಿದ್ಲು? ಕೊಟ್ಟಿದ್ದು ನಾನು" ಎಂದಳು. ಇದಕ್ಕೆ ಏನು ಹೇಳುವುದೆಂದು ನಾನು ನಾಲ್ಕು ವರ್ಷದಿಂದ ಯೋಚಿಸುತ್ತಿದ್ದೇನೆ. ಹರಕೆ ಎಂದರೆ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಎಂದು ನಾವು ಸೆಮಿನಾರುಗಳಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ನಮ್ಮಮ್ಮನದು ಹಾಗಿಲ್ಲ. ಅದೂ ಅಲ್ಲದೆ, ಹದಿನೇಳು ವರ್ಷ ಏನೂ ಕೊಡದ ತಂಡಕ್ಕಾಗಿ ಕುರ್ಚಿ ಅಲ್ಲಾಡಿಸದೆ ಕೂತ ಮನೆಯವಳು ನಾನು.

ಈ ವರ್ಷ ಜೂನ್ 3ರ ರಾತ್ರಿ ಆರ್‌ಸಿಬಿ ಗೆದ್ದಿತು. ಅಮ್ಮ ಯಾರೂ ಹೇಳದಿದ್ದರೂ ಅಡುಗೆಮನೆಯ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದಳು. ಕೊನೆಯ ಓವರಿಗೆ ಪಂಜಾಬಿಗೆ 29 ಬೇಕಿತ್ತು. ಹೇಜಲ್‌ವುಡ್ ಮೊದಲ ಎರಡು ಎಸೆತದಲ್ಲಿ ರನ್ನು ಕೊಡಲಿಲ್ಲ. ಅಲ್ಲಿಗೆ ಲೆಕ್ಕ ಮುಗಿದಿತ್ತು, ಕೊಹ್ಲಿ ಅಳುತ್ತಿದ್ದರು. ಉಳಿದ ನಾಲ್ಕು ಎಸೆತಗಳಿಗೆ ಶಶಾಂಕ್ ಸಿಂಗ್ ಸಿಕ್ಸರ್, ಫೋರು, ಸಿಕ್ಸರ್, ಸಿಕ್ಸರ್ ಹೊಡೆದರು. ಆ ಕೊನೆಯ ಸಿಕ್ಸರಿನಿಂದಾಗಿ ಗೆಲುವಿನ ಅಂತರ ಆರು ರನ್ನು. ಬೀದಿಯಲ್ಲಿ ಪಟಾಕಿ ಶುರುವಾಯಿತು. ನಾನು ಟಿವಿಯ ಮುಂದೆ "ಆರು, ಆರು" ಎನ್ನುತ್ತಿದ್ದೆ. ಅಮ್ಮನಿಗೆ ಅದು ಅರ್ಥವಾಯಿತು. ಊರಿನಲ್ಲಿ ಬೇರೆ ಯಾರಿಗೂ ಆಗುತ್ತಿರಲಿಲ್ಲ.

ನಾನು ಓದುವ ಶಾಸನಗಳಲ್ಲಿ ತುರುಗಳನ್ನು ಬಿಡಿಸಿ ತಂದು ಸತ್ತ ಎಂಬ ಒಕ್ಕಣೆ ಮತ್ತೆ ಮತ್ತೆ ಬರುತ್ತದೆ. ಹಸುಗಳು ಊರಿಗೆ ಬಂದವು, ಹಾಲು ಕರೆದವರು ಬೇರೆಯವರು. ಅವತ್ತು ರಾತ್ರಿ ಆ ಪುಸ್ತಕ ತೆಗೆದು, ಅಪ್ಪನ ಸಾಲಿನ ಕೆಳಗೆ ತಾರೀಖು ಹಾಕಿ, 190, 184 ಎಂದು ಬರೆದು 'ಗೆ' ಎಂದು ಹಾಕುವಾಗ ಇದೆಲ್ಲ ನೆನಪಾಯಿತು ಎಂದರೆ ಸುಳ್ಳಾಗುತ್ತದೆ. ಆಗ ನಾನು ಬರೀ ಅಳುತ್ತಿದ್ದೆ.

ಮರುದಿನದ ವಿಷಯ ನಿಮಗೆಲ್ಲ ಗೊತ್ತೇ ಇದೆ. ಸ್ಟೇಡಿಯಂ ಗೇಟುಗಳ ಹತ್ತಿರ ನೂಕುನುಗ್ಗಲಾಗಿ ಹನ್ನೊಂದು ಜನ ಸತ್ತರು. ನಮ್ಮ ಹಾಸ್ಟೆಲಿನಿಂದ ಹೋಗಿದ್ದ ಹುಡುಗಿಯೊಬ್ಬಳು ಒಂದೇ ಚಪ್ಪಲಿಯಲ್ಲಿ ವಾಪಸು ಬಂದಳು, ವಾರಗಟ್ಟಲೆ ಮಾತಾಡಲಿಲ್ಲ. ಅಭಿಮಾನಿಗಳು ಹುಚ್ಚರು, ಹೋಗಿದ್ದೇಕೆ ಎಂದು ಆ ಸಂಜೆ ಬರೆದವರ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಕೂಡಿ ಸಂತೋಷಪಡಲು ಹೋಗುವುದು ತಪ್ಪಲ್ಲ. ಅಪ್ಪ ಇದ್ದಿದ್ದರೆ ಅವರೂ ಬೆಳಗಿನ ರೈಲು ಹಿಡಿಯುತ್ತಿದ್ದರು, ಜೊತೆಗೆ ನನ್ನನ್ನೂ ಎಳೆದುಕೊಂಡು. ಪುಸ್ತಕದಲ್ಲಿ ಜೂನ್ 4ಕ್ಕೆ ನಾನು ಏನೂ ಬರೆದಿಲ್ಲ. ಒಂದು ಸಾಲು ಖಾಲಿ ಬಿಟ್ಟಿದ್ದೇನೆ.

ಆಷಾಢ ಬಂತು. ಈ ಸಲ ಅಮ್ಮ ಕೇಳಲಿಲ್ಲ, ಹೇಳಿದಳು. "ನಿಂಗೆ ಮೂವತ್ತು ತುಂಬೋದ್ರೊಳಗೆ ಈ ಬಾಕಿ ತೀರಿಸ್ಬೇಕು. ಆಮೇಲೆ ನೀನೆಲ್ಲಿರ್ತೀಯೋ, ನನ್ ಮಂಡಿ ಎಲ್ಲಿರತ್ತೋ." ಮೂರನೆಯ ಶುಕ್ರವಾರವೆಂದು ನಿಶ್ಚಯವಾಯಿತು. ಗುರುವಾರ ರಾತ್ರಿ ನಾನು ಮುಟ್ಟಾದೆ. ಹೇಳದೆ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳ ಹರಕೆ ನನ್ನ ಮೌನದಿಂದ ಕೆಟ್ಟಿತೆಂದು ಮುಂದೆಂದಾದರೂ ಅವಳಿಗೆ ಅನ್ನಿಸುವುದು ಬೇಡವೆಂದು ಬೆಳಗಿನ ನಾಲ್ಕು ಗಂಟೆಗೆ, ಅವಳು ತಟ್ಟೆಯಲ್ಲಿ ಕುಂಕುಮ ಸುರಿಯುತ್ತಿರುವಾಗ ಹೇಳಿದೆ. ಅವಳ ಕೈ ನಿಂತಿತು. ತುಂಬ ಹೊತ್ತು ಸುಮ್ಮನಿದ್ದಳು.

"ನಿಮ್ಮಪ್ಪ ಇದ್ದಿದ್ರೆ ಏನಂತಿದ್ರು?"

"ಆಟ ನಡೀತಿರುವಾಗ ಜಾಗ ಬಿಟ್ಟು ಏಳ್ಬಾರ್ದು ಅಂತಿದ್ರು."

ಅವಳಿಗೆ ನಗು ತಡೆಯಲಾಗಲಿಲ್ಲ. "ಸರಿ ನಡಿ. ಮೆಟ್ಲು ಹತ್ತು. ಗುಡಿ ಒಳಗೆ ಬರ್ಬೇಡ." ಹೀಗೆ ಅರ್ಧ ದಾರಿಗೆ ಒಪ್ಪಂದವಾಯಿತು. ಪೂರ್ತಿ ಒಪ್ಪಿಸಬೇಕಿತ್ತು ಎಂದು ನನ್ನ ಗೆಳತಿಯರು ಹೇಳುತ್ತಾರೆ. ಅವರು ನಮ್ಮಮ್ಮನನ್ನು ಕಂಡಿಲ್ಲ.

ಅವಳು ಅರಿಶಿನ, ನಾನು ಕುಂಕುಮ. ಮುನ್ನೂರನೆಯ ಮೆಟ್ಟಿಲಿನ ಹೊತ್ತಿಗೆ ಅವಳಿಗೆ ಬಗ್ಗಲು ಆಗಲಿಲ್ಲ, ಎರಡೂ ತಟ್ಟೆ ನನ್ನ ಕೈಗೆ ಬಂತು. "ನಾನು ನಂಬದೆ ಹಚ್ಚಿದ್ರೆ ಲೆಕ್ಕಕ್ಕೆ ಬರತ್ತಾ?" ಎಂದು ಕೇಳಿದೆ. "ಮೆಟ್ಲಿಗೇನು ಗೊತ್ತಾಗತ್ತೆ, ಹಚ್ಚು" ಎಂದಳು. ನಂದಿಯ ಹತ್ತಿರ ಕಾಲು ಗಂಟೆ ಕೂತೆವು. ಆರ್‌ಸಿಬಿ ಅಂಗಿ ತೊಟ್ಟ ಪುಟ್ಟ ಹುಡುಗನೊಬ್ಬ ನಾವು ಹಚ್ಚಿದ ಕುಂಕುಮ ತುಳಿಯದ ಹಾಗೆ ಮೆಟ್ಟಿಲಿನ ಅಂಚಿನಲ್ಲೇ ಕುಪ್ಪಳಿಸಿಕೊಂಡು ಹೋದ. ಮೇಲೆ ತಲುಪಿದಾಗ ಬಿಸಿಲೇರಿತ್ತು. ಅವಳು ಕ್ಯೂನಲ್ಲಿ ನಿಂತಳು. ನಾನು ಹೊರಗೆ ಎರಡು ಜೊತೆ ಚಪ್ಪಲಿ ಕಾಯುತ್ತ ಕೂತು, ಕೆಳಗೆ ಊರಿನಲ್ಲಿ ಕುಕ್ಕರಹಳ್ಳಿ ಕೆರೆಯನ್ನೂ ಅದರಾಚೆ ಮೈದಾನ ಇರಬಹುದಾದ ಹಸಿರನ್ನೂ ಹುಡುಕಿದೆ.

ಮನೆಗೆ ಬಂದ ಮೇಲೆ ಅಮ್ಮ ಅಳತೆ ಪುಸ್ತಕ ತರಲು ಹೇಳಿದಳು. "ಇದನ್ನೂ ಬರ್ಕೊ." ಖಾಲಿ ಬಿಟ್ಟ ಸಾಲಿನ ಕೆಳಗೆ ಬರೆದೆ: ಜುಲೈ 11, ಶುಕ್ರವಾರ, ಬೆಟ್ಟ. ಕೊನೆಯಲ್ಲಿ 'ಗೆ' ಹಾಕಲೋ 'ಸೋ' ಹಾಕಲೋ ಎಂದು ಕೇಳಿದೆ.

"ಅದೆಲ್ಲ ಆಮೇಲೆ," ಎಂದಳು. "ಮೊದ್ಲು ಎಣ್ಣೆ ಬಿಸಿ ಮಾಡ್ಕೊಂಡ್ ಬಾ, ಮಂಡಿ ಹೋಗ್ತಿದೆ."